ಡಿಎಂ ಇಲ್ಲದ ಕಡೆ ನಿಯಮಗಳ ಪಾಡು

ಬಾಲ್ಡರ್ಸ್ ಗೇಟ್ 3 ಅನ್ನುವ ವಿಡಿಯೋ ಗೇಮ್ ಬಂದದ್ದು 2023ರ ಆಗಸ್ಟ್‌ನಲ್ಲಿ. ಆಗ ಟೇಬಲ್ ಸುತ್ತ ಕೂತು ದಾಳ ಹಾಕಿ ಕಥೆ ಆಡುವ ನಮ್ಮ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಗುಂಪಿನಲ್ಲಿ ಹತ್ತಿಕೊಂಡ ಜಗಳ ಇನ್ನೂ ಪೂರ್ತಿ ಆರಿಲ್ಲ. ಗುಂಪಿನಲ್ಲಿ ಅರ್ಧ ಜನಕ್ಕೆ ಅದು ನಮ್ಮ ಶನಿವಾರದ ಆಟವೇ, ಬಣ್ಣ ದನಿ ಸೇರಿಸಿಕೊಂಡು ಪರದೆಗೆ ಬಂದದ್ದು. ಉಳಿದ ಅರ್ಧ ಜನ ನಿಯಮದ ಪುಸ್ತಕ ಹಿಡಿದುಕೊಂಡು ಲೆಕ್ಕ ಕೇಳುವವರು. ಔಷಧಿ ಕುಡಿಯುವುದಕ್ಕೆ ಪುಸ್ತಕದಲ್ಲಿ ಪೂರ್ತಿ ಆಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು, ಇಲ್ಲಿ ಬೋನಸ್ ಆಕ್ಷನ್ (ಅದರ ಜೊತೆಗಿನ ಚಿಕ್ಕ ಕೆಲಸ) ಯಾಕೆ? ಮಾಂತ್ರಿಕ ವಸ್ತುಗಳನ್ನು ಮೂರಕ್ಕಿಂತ ಹೆಚ್ಚು ಅಟ್ಯೂನ್ ಮಾಡಿಕೊಳ್ಳುವಂತಿಲ್ಲ, ಅಂದರೆ ಒಗ್ಗಿಸಿಕೊಳ್ಳುವಂತಿಲ್ಲ, ಅನ್ನುವ ನಿಯಮ ಎಲ್ಲಿ ಹೋಯಿತು? ವೇಗ ಕೊಡುವ ಹೇಸ್ಟ್ ಮಂತ್ರ ಹಾಕಿದರೆ ಒಂದೇ ಒಂದು ಹೆಚ್ಚುವರಿ ಏಟು ಸಿಗಬೇಕು, ಇಲ್ಲಿ ಇನ್ನೊಂದು ಇಡೀ ಆಕ್ಷನ್ನೇ ಸಿಗುತ್ತದಲ್ಲ? ಏಟು ತಪ್ಪಿಸಿಕೊಳ್ಳುವ ಡಾಜ್ ಎಲ್ಲಿ, ಹೊಂಚಿ ಕಾಯುವ ರೆಡಿ ಎಲ್ಲಿ?

ನಾನು ಈ ಗುಂಪಿನ ಡಿಎಂ. ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಡಿಎಂ ಅಂದರೆ ಡಂಜನ್ ಮಾಸ್ಟರ್. ಕಥೆ ನಡೆಸುವವನು, ರಾಕ್ಷಸರ ಪರವಾಗಿ ದಾಳ ಹಾಕುವವನು, ನಿಯಮದ ಬಗ್ಗೆ ತಕರಾರು ಬಂದರೆ ತೀರ್ಪು ಕೊಡುವವನು. ಉಳಿದವರು ಒಂದೊಂದು ಪಾತ್ರ ಇಟ್ಟುಕೊಂಡು ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ, ಇಪ್ಪತ್ತು ಮುಖದ ದಾಳ ಆಗುತ್ತದೋ ಇಲ್ಲವೋ ಹೇಳುತ್ತದೆ. ನನ್ನ ಹೊಟ್ಟೆಪಾಡು ಕೋಡ್ ಬರೆಯುವುದು. ಆದ್ದರಿಂದ ಜಗಳ ಬಾಯಿಮಾತಲ್ಲಿ ತೀರುವುದಿಲ್ಲ ಅಂತ ಖಾತ್ರಿಯಾದಾಗ, ನಾವು ಆಡಿ ಮುಗಿಸಿದ್ದ ಒಂದು ಚಿಕ್ಕ ಸಾಹಸವನ್ನು ನಾನೇ ಕಂಪ್ಯೂಟರ್ ಆಟ ಮಾಡಿ ನೋಡೋಣ ಅನಿಸಿತು. ಪಾಳುಬಿದ್ದ ಗಣಿ, ಒಳಗೆ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು, ಅವುಗಳ ಸೆರೆಯಲ್ಲಿ ಗಣಿ ಕೆಲಸಗಾರರು, ತಳದಲ್ಲಿ ಒಬ್ಬ ಮಂತ್ರವಾದಿ. ಅಷ್ಟೇ.

ಕಾನೂನಿನ ತೊಡಕೂ ಇರಲಿಲ್ಲ. ಡಿ ಅಂಡ್ ಡಿಯ ಐದನೇ ಆವೃತ್ತಿಯ ತಿರುಳು ನಿಯಮಗಳನ್ನು, ಅಂದರೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1 ಅನ್ನುವ ಸುಮಾರು 400 ಪುಟದ ಕಡತವನ್ನು, 2023ರ ಜನವರಿ 27ರಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದರು. ಎಲ್ಲಿಂದ ತೆಗೆದುಕೊಂಡದ್ದು ಅಂತ ಹೇಳಿದರಾಯಿತು, ಯಾರು ಬೇಕಾದರೂ ಬಳಸಬಹುದು. ಪುಸ್ತಕದಲ್ಲಿರುವುದೆಲ್ಲ ಅದರಲ್ಲಿಲ್ಲ. ಫೈಟರ್, ವಿಜರ್ಡ್ ಥರದ ಪ್ರತಿ ಪಾತ್ರವರ್ಗಕ್ಕೆ ಒಂದೇ ಉಪವರ್ಗ, ಬ್ಯಾಕ್‌ಗ್ರೌಂಡ್ (ಪಾತ್ರದ ಹಿನ್ನೆಲೆ) ಒಂದೇ, ಫೀಟ್ (ವಿಶೇಷ ಪರಿಣತಿ) ಕೂಡ ಒಂದೇ. ನನಗೆ ಅಷ್ಟು ಧಾರಾಳವಾಗಿ ಸಾಕಿತ್ತು. ಆಟ ಕಟ್ಟುವ ಎಂಜಿನ್‌ಗೆ ಗೋಡೋ ಅನ್ನುವ ತಂತ್ರಾಂಶ, ಅದೂ ಬಿಟ್ಟಿ.

ಹಾಕಿಕೊಂಡ ಷರತ್ತು ಇಷ್ಟು: ಮೊದಲ ಆವೃತ್ತಿಯಲ್ಲಿ ಒಂದಕ್ಷರವೂ ಬದಲಾಗಕೂಡದು. ಬೇಸರ ತಂದರೂ ಸರಿ, ಆಟ ಮುಗ್ಗರಿಸಿದರೂ ಸರಿ, ಕಡತ ಏನು ಹೇಳುತ್ತದೋ ಕೋಡ್ ಅದನ್ನೇ ಮಾಡಬೇಕು. ಆಮೇಲೆ ಗುಂಪು ಆಡಲಿ, ಎಲ್ಲಿ ಕಿರಿಕಿರಿ ಆಗುತ್ತದೋ ಅಲ್ಲಿ ಮಾತ್ರ ಕೈ ಹಾಕೋಣ.

ಕಾಳಗದ ಎಲುಬುಗೂಡು ಬೇಗ ನಿಂತಿತು. ಆರು ಸೆಕೆಂಡಿನ ರೌಂಡ್, ಯಾರು ಮೊದಲು ಅಂತ ಇನಿಶಿಯೇಟಿವ್ ದಾಳ ಹಾಕಿ ಸರದಿ, ಸರದಿಗೆ ಒಂದು ನಡಿಗೆ, ಒಂದು ಆಕ್ಷನ್, ಇದ್ದರೆ ಒಂದು ಬೋನಸ್ ಆಕ್ಷನ್. ಟೇಬಲ್ ಮೇಲೆ ನಾವು ಸದಾ ಮರೆಯುವುದನ್ನೆಲ್ಲ ಯಂತ್ರ ಮರೆಯುವುದಿಲ್ಲ. ಪಂಜಿನ ಬೆಳಕು 20 ಅಡಿ ಪ್ರಖರ, ಮುಂದಿನ 20 ಅಡಿ ಮಂದ. ಇದನ್ನು ಯಾವ ಶನಿವಾರವೂ ನಾವು ಲೆಕ್ಕ ಹಾಕಿದವರಲ್ಲ. ಕಾನ್ಸಂಟ್ರೇಷನ್, ಅಂದರೆ ಮನಸ್ಸು ಕದಲದೆ ಇರುವುದು, ಬೇಕಾದ ಮಂತ್ರ ಹಿಡಿದುಕೊಂಡವರಿಗೆ ಏಟು ಬಿದ್ದರೆ ಅದು ಕೈತಪ್ಪದಿರಲು 10 ಅಥವಾ ಏಟಿನಿಂದಾದ ಗಾಯದ ಅರ್ಧ, ಯಾವುದು ಹೆಚ್ಚೋ ಅದರ ಎದುರು ದಾಳ ಹಾಕಬೇಕು. ಟೇಬಲ್‌ನಲ್ಲಿ ಎರಡು ಸರದಿ ಕಳೆದ ಮೇಲೆ ಯಾರೋ ‘ಅಯ್ಯೋ, ಕಾನ್ಸಂಟ್ರೇಷನ್!’ ಅನ್ನುತ್ತಾರೆ. ಪರದೆಯ ಮೇಲೆ ಅದು ತಾನಾಗಿ ನಡೆಯುತ್ತದೆ. ಆಗಲೇ ನನಗೆ ಕಂಡದ್ದು, ಈ ನಿಯಮಗಳು ಎಷ್ಟು ಬಿಗಿಯಾಗಿ ಹೊಂದಿಕೊಂಡಿವೆ ಅನ್ನುವುದು. ಕತ್ತಲೆಯನ್ನು ಸರಿಯಾಗಿ ಲೆಕ್ಕ ಹಾಕಿದ ಕೂಡಲೇ ಕತ್ತಲಲ್ಲಿ ಕಣ್ಣು ಕಾಣುವ ಗಾಬ್ಲಿನ್‌ಗಳು ನಿಜವಾಗಿ ಭಯ ಹುಟ್ಟಿಸತೊಡಗಿದವು. 2021ರಲ್ಲಿ ಬಂದ ಸೊಲಾಸ್ಟಾ ಆಟ ಬೆಳಕನ್ನೂ ಎತ್ತರವನ್ನೂ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಯಾಕೆ ಅಂತ ಕೋಡ್ ಬರೆದ ಮೇಲೆ ಅರ್ಥವಾಯಿತು.

ಅಂಕಿ ಇರುವ ನಿಯಮ ಒಂದು ಸಂಜೆಯ ಕೆಲಸ. ಮೊದಲ ಆಟದಲ್ಲೇ ರೋಗ್, ಅಂದರೆ ಕೈಚಳಕದ ಕಳ್ಳನ ಪಾತ್ರ, ಆಡುವ ಗೆಳೆಯ ಕೇಳಿದ: “ಲೋ, ಟೇಬಲ್‌ನಲ್ಲಾಗಿದ್ರೆ ಬಾಗಿಲ ಹತ್ರ ಎಣ್ಣೆ ಸುರಿದು ಕಡ್ಡಿ ಗೀರ್ತಿದ್ದೆ. ಇಲ್ಲಿ ಎಣ್ಣೆ ಬುಡ್ಡಿ ಇದೆ, ಸುರಿಯೋ ಬಟನ್ ಎಲ್ಲಿ?” ಕಡತ ತೆಗೆದರೆ ಅದರಲ್ಲಿ ಎಲ್ಲ ಬರೆದೇ ಇದೆ. ಒಂದು ಬುಡ್ಡಿ ಐದಡಿ ಚೌಕಕ್ಕೆ ಸಾಕು, ಹಚ್ಚಿದರೆ ಎರಡು ರೌಂಡ್ ಉರಿಯುತ್ತದೆ, ಒಳಗೆ ಕಾಲಿಟ್ಟವರಿಗೂ ಅಲ್ಲೇ ಸರದಿ ಮುಗಿಸಿದವರಿಗೂ ಐದು ಅಂಕದ ಗಾಯ. ಮರುದಿನವೇ ಬಟನ್ ಬಂತು.

ತೊಂದರೆ ಶುರುವಾದದ್ದು ರಿಯಾಕ್ಷನ್‌ನಿಂದ. ಬೇರೆಯವರ ಸರದಿಯಲ್ಲಿ, ಏನಾದರೂ ನಡೆದಾಗ ನಾವು ಮಾಡಬಹುದಾದ ಒಂದು ಕೆಲಸ ಅದು. ಮಂತ್ರ ಹಾಕುವ ಪಾತ್ರವಾದ ವಿಜರ್ಡ್‌ಗೆ ಶೀಲ್ಡ್ ಅನ್ನುವ ಮಂತ್ರ ಇದೆ. ಬಾಣ ತಾಗಿತು ಅನ್ನುವ ಗಳಿಗೆಯಲ್ಲಿ ಹಾಕಿದರೆ ರಕ್ಷಣೆಗೆ ಐದು ಸೇರುತ್ತದೆ, ತಾಗಿದ ಬಾಣವೂ ತಪ್ಪಬಹುದು. ಟೇಬಲ್‌ನಲ್ಲಿ ಇದು ಸಲೀಸು. ನಾನು “ತಾಗ್ತು” ಅನ್ನುತ್ತೇನೆ, ವಿಜರ್ಡ್ ಆಡುವವಳು “ತಡಿ ತಡಿ, ಶೀಲ್ಡ್!” ಅಂತ ಕೂಗುತ್ತಾಳೆ, ಮುಗಿಯಿತು. ಕಂಪ್ಯೂಟರ್‌ಗೆ ಕೂಗು ಕೇಳಿಸುವುದಿಲ್ಲ. ಪ್ರತಿ ಸಲ ಆಟ ನಿಲ್ಲಿಸಿ ಅದೇ ಕೇಳಬೇಕು. ನಾಲ್ಕು ಗಾಬ್ಲಿನ್ ಬಿಲ್ಲು ಹಿಡಿದು ನಿಂತರೆ ಒಂದು ರೌಂಡಿಗೆ ನಾಲ್ಕು ಕಿಟಕಿ ತೆರೆದುಕೊಳ್ಳಬಹುದು. ಅದಕ್ಕಿಂತ ಸೂಕ್ಷ್ಮವಾದದ್ದು, ಆ ಕಿಟಕಿಯಲ್ಲಿ ಏನು ಬರೆಯಬೇಕು ಅನ್ನುವುದು. ದಾಳದ ಮೊತ್ತ ತೋರಿಸಿದರೆ ಐದು ಸೇರಿಸಿ ಉಪಯೋಗ ಇದೆಯೋ ಇಲ್ಲವೋ ಅಂತ ಅವಳು ಲೆಕ್ಕ ಹಾಕಿಬಿಡುತ್ತಾಳೆ, ಮಂತ್ರ ಎಂದೂ ವ್ಯರ್ಥವಾಗುವುದಿಲ್ಲ. ತೋರಿಸದಿದ್ದರೆ ಜೂಜು. ಬೇರೆಯವರ ಮಂತ್ರ ತಡೆಯುವ ಕೌಂಟರ್‌ಸ್ಪೆಲ್ ಇನ್ನೂ ಕಷ್ಟ. ಎದುರಾಳಿ ಯಾವುದೋ ಮಂತ್ರ ಹೇಳುತ್ತಿದ್ದಾನೆ, ತಡೆಯುತ್ತೀಯಾ ಅಂತ ಕೇಳುವಾಗ ಮಂತ್ರದ ಹೆಸರು ಹೇಳಬೇಕೋ ಬೇಡವೋ? ಟೇಬಲ್‌ನಲ್ಲಿ ನಾನು ಮುಖ ನೋಡಿ, ಆ ದಿನದ ಹದ ನೋಡಿ ನಿರ್ಧರಿಸುತ್ತಿದ್ದೆ. ಕೋಡ್‌ನಲ್ಲಿ ಒಂದೇ ಉತ್ತರ ಬರೆಯಬೇಕು. ನಾನು ಎರಡನ್ನೂ ಮುಚ್ಚಿಟ್ಟೆ. ವಿಜರ್ಡ್ ಆಡುವವಳು ಮೂರು ಸ್ಲಾಟ್, ಅಂದರೆ ಲೆಕ್ಕದ ಮಂತ್ರಗಳಲ್ಲಿ ಮೂರನ್ನು, ಸುಮ್ಮನೆ ಸುರಿದ ಮೇಲೆ ಅಂದಳು, “ಇದು ನಿಯಮ ಅಲ್ಲ ಕಣೋ, ನಿನ್ನ ಹಗೆ.” ಹಾಗಾಗಿ ಈಗ ಯಾವ ರಿಯಾಕ್ಷನ್‌ಗೆ ಕೇಳಬೇಕು, ಯಾವುದಕ್ಕೆ ಕೇಳದೆ ನಡೆಸಬೇಕು ಅಂತ ಆಟಗಾರರೇ ಮೊದಲು ಹೇಳಿಡುವ ಪಟ್ಟಿ ಇದೆ. ಬಾಲ್ಡರ್ಸ್ ಗೇಟ್ 3 ಕೂಡ ಕೊನೆಗೆ ಇಂಥದ್ದೇ ದಾರಿ ಹಿಡಿದಿದೆ. ಮೊತ್ತ ಈಗಲೂ ತೋರಿಸುತ್ತಿಲ್ಲ.

ರೆಡಿ ಆಕ್ಷನ್ ಹತ್ತಿರ ನನ್ನ ಷರತ್ತು ಸೋತಿತು. ‘ಇಂಥದ್ದು ನಡೆದರೆ ನಾನು ಇಂಥದ್ದು ಮಾಡುತ್ತೇನೆ’ ಅಂತ ಹೇಳಿ ಕಾಯುವುದು ಅದು. ಆ ‘ಇಂಥದ್ದು’ ಕಣ್ಣಿಗೆ ಕಿವಿಗೆ ಗೊತ್ತಾಗುವ ಯಾವುದೇ ಸಂಗತಿ ಆಗಬಹುದು. ‘ಮುದುಕ ಗಂಟೆಯ ಹಗ್ಗದ ಕಡೆ ಕೈ ಚಾಚಿದರೆ ಬಾಣ ಬಿಡುತ್ತೇನೆ’ ಅಂತ ಫೈಟರ್ ಆಡುವವನು ಹೇಳಿದ್ದು ನೆನಪಿದೆ. ಟೇಬಲ್‌ನಲ್ಲಿ ಅದಕ್ಕೆ ಯಾವ ಏರ್ಪಾಡೂ ಬೇಕಾಗಲಿಲ್ಲ, ನಾನು ತಲೆಯಾಡಿಸಿದೆ. ಈ ವಾಕ್ಯವನ್ನು ಮೆನುವಿನಲ್ಲಿ ಹೇಗೆ ಇಡುವುದು? ಹಳೆಯ ಆಟಗಳನ್ನು ತಿರುವಿ ನೋಡಿದೆ. 2003ರ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್ 3.5 ಆವೃತ್ತಿಯ ನಿಯಮವನ್ನು ಹಿಡಿದ ಹಟಮಾರಿ ಆಟ. ಅದರಲ್ಲೂ ರೆಡಿ ಅಂದರೆ ನಾಲ್ಕೈದು ಸಿದ್ಧ ಆಯ್ಕೆ ಮಾತ್ರ: ಯಾರಾದರೂ ಹತ್ತಿರ ಬಂದರೆ, ದೂರ ಸರಿದರೆ, ಮಂತ್ರ ಹೇಳಿದರೆ. ಬಾಲ್ಡರ್ಸ್ ಗೇಟ್ 3 ಆ ಗೋಜಿಗೇ ಹೋಗಿಲ್ಲ. ನಾನು ಟೆಂಪಲ್‌ನ ದಾರಿ ಹಿಡಿದೆ. ಆದರೆ ಇದನ್ನು ‘ನಿಯಮದಂತೆ’ ಅಂತ ಕರೆಯಲು ಬಾಯಿ ಬರುವುದಿಲ್ಲ. ಆ ನಿಯಮದ ಅರ್ಧ ಭಾಗ ಪುಸ್ತಕದಲ್ಲಿಲ್ಲ, ಎದುರು ಕೂತ ಮನುಷ್ಯನಲ್ಲಿದೆ.

ಹಾಗೆ ನೋಡತೊಡಗಿದ ಮೇಲೆ ಕಡತದ ತುಂಬ ಅದೇ ಕಾಣಿಸಿತು. ಮೈನರ್ ಇಲ್ಯೂಷನ್ ಅನ್ನುವ ಮಂತ್ರ ಐದಡಿ ಘನದೊಳಗೆ ಹಿಡಿಸುವ ಯಾವುದೇ ವಸ್ತುವಿನ ಭ್ರಮೆ ಹುಟ್ಟಿಸುತ್ತದೆ. ನಮ್ಮ ವಿಜರ್ಡ್ ಅದರಿಂದ ಪೆಟ್ಟಿಗೆ ಮಾಡಿ ಒಳಗೆ ಅಡಗಿದ್ದಾಳೆ, ಗೋಡೆಯ ಬಿರುಕು ಮುಚ್ಚಿದ್ದಾಳೆ, ಒಮ್ಮೆ ಗಾಬ್ಲಿನ್ ನಾಯಕನ ಪೀಠದ ಮೇಲೆ ಅವನದೇ ತಲೆ ಇಟ್ಟು ಹೆದರಿಸಿದ್ದಾಳೆ. ಬಾಲ್ಡರ್ಸ್ ಗೇಟ್ 3ರಲ್ಲಿ ಆ ಮಂತ್ರದಿಂದ ಒಂದು ಬೆಕ್ಕು ಬರುತ್ತದೆ, ಕಾವಲುಗಾರರು ಅದನ್ನು ನೋಡಲು ತಿರುಗುತ್ತಾರೆ. ಗುಂಪಿನವರು ಈ ಬೆಕ್ಕನ್ನು ಬಹಳ ಆಡಿಕೊಂಡಿದ್ದರು. ನಾನು ಪೆಟ್ಟಿಗೆ, ಪೀಪಾಯಿ, ಬಂಡೆ ಅಂತ ಪಟ್ಟಿ ಮಾಡಿದೆ. ಪಟ್ಟಿ ದೊಡ್ಡದಾದಷ್ಟೂ ಪ್ರಶ್ನೆ ದೊಡ್ಡದಾಯಿತು: ಇದ್ದಕ್ಕಿದ್ದಂತೆ ಪೀಪಾಯಿ ಕಂಡರೆ ಗಾಬ್ಲಿನ್ ಏನು ಮಾಡುತ್ತದೆ? ದಡ್ಡ ಗಾಬ್ಲಿನ್ ಕುಡಿಯಲು ಹೋಗುತ್ತದೆ, ಕಾವಲಿನದು ಕೂಗು ಹಾಕುತ್ತದೆ, ಹಸಿದದ್ದು ಬೇರೇನೋ ಮಾಡುತ್ತದೆ. ಒಂದು ವಾರ ಒದ್ದಾಡಿ ಕೊನೆಗೆ ನನ್ನ ಆಟದಲ್ಲೂ ಭ್ರಮೆಯ ವಸ್ತು ಗಮನ ಸೆಳೆಯುತ್ತದೆ, ಅಥವಾ ಮರೆ ಕೊಡುತ್ತದೆ, ಅಷ್ಟಕ್ಕೆ ನಿಲ್ಲಿಸಿದೆ. ಬೆಕ್ಕಿನ ಬಗ್ಗೆ ಈಗ ಯಾರೂ ಜೋಕ್ ಮಾಡುವುದಿಲ್ಲ.

ವಿಶ್ರಾಂತಿಯ ಕಥೆ ಬೇರೆ. ನಿಯಮದ ಪ್ರಕಾರ ಎಂಟು ಗಂಟೆ ಮಲಗಿದರೆ ಗಾಯವೆಲ್ಲ ವಾಸಿ, ಮಂತ್ರದ ಸ್ಲಾಟ್ ಎಲ್ಲ ವಾಪಸ್, ಆದರೆ 24 ಗಂಟೆಗೆ ಒಮ್ಮೆ ಮಾತ್ರ. 2014ರ ಡಿಎಂ ಕೈಪಿಡಿಯ ಅಂದಾಜಿನಲ್ಲಿ ಒಂದು ಗುಂಪು ದಿನಕ್ಕೆ ಆರರಿಂದ ಎಂಟು ಮಧ್ಯಮ ಇಲ್ಲವೇ ಕಠಿಣ ಕಾಳಗ ತಾಳಿಕೊಳ್ಳಬಲ್ಲದು. ವರ್ಗಗಳ ನಡುವಿನ ಸಮತೋಲ ಇದರ ಮೇಲೇ ನಿಂತಿದೆ. ಫೈಟರ್‌ನ ಕತ್ತಿ ಎಂದೂ ಖಾಲಿಯಾಗುವುದಿಲ್ಲ, ವಿಜರ್ಡ್‌ನ ಬೆಂಕಿಯುಂಡೆ ಖಾಲಿಯಾಗುತ್ತದೆ. ನಾನು ನಿಯಮವನ್ನು ಅಕ್ಷರಶಃ ಹಾಕಿದ್ದೆ. ಗುಂಪು ಏನು ಮಾಡಿತು? ಮೊದಲ ಕಾಳಗದಲ್ಲಿ ಇದ್ದಬದ್ದ ಮಂತ್ರವೆಲ್ಲ ಸುರಿದು, ಗಣಿಯಿಂದ ಹೊರಗೆ ಬಂದು, ಮರುದಿನದವರೆಗೆ ‘ಕಾಯಿ’ ಬಟನ್ ಒತ್ತಿ, ಮಲಗಿ, ಎದ್ದು, ಮತ್ತೆ ಒಳಗೆ ಹೋಗಿ ಎರಡನೇ ಕಾಳಗ ಮಾಡಿತು. ಒಂದು ನಿಯಮವೂ ಮುರಿಯಲಿಲ್ಲ. ಆಟ ಮಾತ್ರ ಸತ್ತುಹೋಯಿತು. ಟೇಬಲ್‌ನಲ್ಲಿ ಯಾರೂ ಹೀಗೆ ಮಾಡಲು ಹೊರಡುವುದಿಲ್ಲ. ನೀವು ಮಲಗಿದ್ದಾಗ ಗಾಬ್ಲಿನ್‌ಗಳು ಕೆಲಸಗಾರರನ್ನು ಬೇರೆಡೆ ಸಾಗಿಸಿದವು ಅಂತ ನಾನು ಹೇಳುತ್ತೇನೆ ಅನ್ನುವುದು ಎಲ್ಲರಿಗೂ ಗೊತ್ತು.

ಬೇರೆ ಆಟಗಳು ಈ ಬಿಲವನ್ನು ಬೇರೆ ಬೇರೆ ರೀತಿ ಮುಚ್ಚಿವೆ. ಸೊಲಾಸ್ಟಾದ ಗುಹೆಗಳಲ್ಲಿ ಕ್ಯಾಂಪ್‌ಫೈರ್ ಇರುವ ಜಾಗದಲ್ಲೇ ಮಲಗಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ಪೂರ್ತಿ ವಿಶ್ರಾಂತಿಗೆ 40 ಕ್ಯಾಂಪ್ ಸಪ್ಲೈ (ತಿನ್ನುವ ಸಾಮಾನು) ಬೇಕು. ಅದು ಅಲ್ಲಿ ಬೇಕಾದಷ್ಟು ಸಿಗುತ್ತದೆ ಅನ್ನುವುದು ಬೇರೆ ಮಾತು. ನಾನು ಮೂರನೇ ರಾತ್ರಿಗೆ ಮಂತ್ರವಾದಿಯ ಹೋಮ ಮುಗಿಯುತ್ತದೆ ಅಂತ ಗಡುವು ಹಾಕಿದೆ. ವಿಶ್ರಾಂತಿಯ ನಿಯಮ ಒಂದಿಷ್ಟೂ ಬದಲಾಗಲಿಲ್ಲ, ಅದರ ಸುತ್ತಲಿನ ಕಥೆ ಬದಲಾಯಿತು. ನನಗೆ ತೃಪ್ತಿ ಕೊಟ್ಟ ದುರಸ್ತಿ ಅಂದರೆ ಇದೊಂದೇ.

ಇನ್ನು ದಾಳ. ಟೇಬಲ್‌ನಲ್ಲಿ ನಮ್ಮ ಫೈಟರ್ ಸತತ ಮೂರು ಸಲ ತಪ್ಪಿದರೆ ದಾಳವನ್ನು ಬೈದು, ಲೋಟದೊಳಗೆ ‘ಜೈಲಿಗೆ’ ಹಾಕಿ, ಬೇರೆ ದಾಳ ಎತ್ತಿಕೊಳ್ಳುತ್ತಾನೆ. ಪರದೆಯಲ್ಲಿ ಮೂರು ಸಲ ತಪ್ಪಿದರೆ ಬೈಗುಳ ನನಗೆ. “ನಿನ್ನ ಕೋಡ್ ಮೋಸ ಮಾಡ್ತಿದೆ ಗುರು.” ನೂರಕ್ಕೆ 65 ಸಲ ತಾಗಬೇಕಾದ ಏಟು ಸತತ ಮೂರು ಸಲ ತಪ್ಪುವ ಸಂಭವ ಸುಮಾರು ನೂರಕ್ಕೆ ನಾಲ್ಕು. ಒಂದು ಶನಿವಾರದಲ್ಲಿ ಅವನು ಹಾಕುವುದು ಕೆಲವೇ ಏಟು, ಕಂಪ್ಯೂಟರ್‌ನಲ್ಲಿ ಅಷ್ಟೇ ಹೊತ್ತಿಗೆ ಅದರ ಹಲವು ಪಟ್ಟು. ನೂರಕ್ಕೆ ನಾಲ್ಕರದ್ದು ಅಲ್ಲಿ ಪದೇ ಪದೇ ಎದುರಾಗುತ್ತದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಕಾರ್ಮಿಕ್ ಡೈಸ್ ಅಂತ ಒಂದು ಸೆಟ್ಟಿಂಗ್ ಇದೆ. ಸತತ ದುರದೃಷ್ಟವನ್ನು ಅದು ಮೆಲ್ಲಗೆ ತಿದ್ದುತ್ತದೆ. ನಾನು ಅದನ್ನು ಹಾಕಲಿಲ್ಲ, ಪ್ರತಿ ದಾಳವನ್ನೂ ಲೆಕ್ಕ ಸಮೇತ ಪಕ್ಕದಲ್ಲಿ ತೋರಿಸಿದೆ. ಬೈಗುಳ ನಿಲ್ಲಲಿಲ್ಲ. ಆದರೂ ಹಾಕುವುದಿಲ್ಲ. ದಾಳವನ್ನು ತಿದ್ದಿದ ಮೇಲೆ ಉಳಿದದ್ದನ್ನೆಲ್ಲ ಪುಸ್ತಕದಂತೆ ಇಟ್ಟು ಏನು ಬಂತು?

ಹಳೆ ಸೇವ್‌ಗೆ ಹಿಂದಿರುಗಿ ಮತ್ತೆ ಹಾಕುವವರಿಗೆ ಒಂದು ಬೀಗ ಹಾಕಿದ್ದೆ. ದಾಳದ ಅಂಕಿಗಳು ಹುಟ್ಟುವ ಬೀಜಸಂಖ್ಯೆಯನ್ನೂ ಸೇವ್‌ನಲ್ಲೇ ಇಟ್ಟರೆ ಎಷ್ಟು ಸಲ ಲೋಡ್ ಮಾಡಿದರೂ ಅದೇ ಅಂಕಿ ಬೀಳುತ್ತದೆ, 2012ರ ಎಕ್ಸ್‌ಕಾಮ್ ಆಟದಲ್ಲಿದ್ದ ಹಾಗೆ. ರೋಗ್ ಗೆಳೆಯ ಅರ್ಧ ಗಂಟೆಯಲ್ಲಿ ದಾರಿ ಕಂಡುಕೊಂಡ. ಮುಖ್ಯವಾದ ದಾಳಕ್ಕೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ಬಾರದ ಪೀಪಾಯಿಯ ಮೇಲೆ ಒಂದು ಬಾಣ ಬಿಟ್ಟು ಕೆಟ್ಟ ಅಂಕಿಯನ್ನು ಅಲ್ಲಿ ಕಳೆಯುವುದು.

ಪುಸ್ತಕವನ್ನು ಹಿಡಿದದ್ದೇ ಲಾಭವಾದ ಕಡೆಯೂ ಇದೆ. ಬಾಲ್ಡರ್ಸ್ ಗೇಟ್ 3ರಲ್ಲಿ ನಡೆಯುತ್ತಿರುವಾಗ ತಲೆಯ ಮೇಲೆ ಪರ್ಸೆಪ್ಷನ್ (ಗಮನಿಸುವ ಶಕ್ತಿ) ದಾಳ ಉರುಳಿ, ವಿಫಲ ಅಂತ ತೋರಿಸುತ್ತದೆ. ಅಲ್ಲಿಗೆ ಏನೋ ಇದೆ ಅಂತ ಗೊತ್ತಾಗಿಯೇಬಿಟ್ಟಿತು. ಕಡತದಲ್ಲಿ ಪ್ಯಾಸಿವ್ ಪರ್ಸೆಪ್ಷನ್ ಅಂತ ಇದೆ: ಹತ್ತಕ್ಕೆ ನಿಮ್ಮ ಬೋನಸ್ ಸೇರಿಸಿ, ದಾಳ ಬೇಡ, ಸದ್ದೂ ಬೇಡ. ಬಲೆ ಕಂಡರೆ ಕಂಡಿತು, ಇಲ್ಲದಿದ್ದರೆ ಕಾಲಿಗೆ ಸಿಕ್ಕಿಕೊಂಡಾಗಲೇ ತಿಳಿಯುವುದು. ಹಾಗೆಯೇ ಇಪ್ಪತ್ತು ಬಿದ್ದರೆ ಖಚಿತ ಗೆಲುವು, ಒಂದು ಬಿದ್ದರೆ ಖಚಿತ ಸೋಲು ಅನ್ನುವುದು ಪುಸ್ತಕದಲ್ಲಿ ಏಟಿಗೆ ಮಾತ್ರ. ಬೀಗ ತೆಗೆಯುವುದಕ್ಕೆ, ಮಾತಲ್ಲಿ ಒಲಿಸುವುದಕ್ಕೆ ಅದು ಅನ್ವಯವಾಗುವುದಿಲ್ಲ. ಬಾಲ್ಡರ್ಸ್ ಗೇಟ್ 3 ಅಲ್ಲಿಗೂ ತಂದಿದೆ. ಐದನೇ ಹಂತದ ಪಳಗಿದ ರೋಗ್‌ಗೆ ಬೀಗದ ಮೇಲೆ ಹತ್ತು ಕೂಡಿಸುವಷ್ಟು ಕೈಚಳಕ ಇದ್ದರೆ, ಮೊತ್ತ ಹತ್ತಾದರೆ ತೆರೆಯುವ ಬೀಗಕ್ಕೆ ಒಂದು ಬಿದ್ದರೂ ಹನ್ನೊಂದಾಗಿ ತೆರೆಯಲೇಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ಇಪ್ಪತ್ತಕ್ಕೊಂದು ಸಲ ಬೀಗ ತೆಗೆಯುವ ಕಡ್ಡಿ ಮುರಿಯುತ್ತದೆ. ನಾನು ಪುಸ್ತಕದಂತೆ ದಾಳವನ್ನೇ ತೆಗೆದು ನೇರ ಬೀಗ ತೆರೆಸಿದೆ. ಗೆಳೆಯನಿಗೆ ಖುಷಿಯಾಗುತ್ತದೆ ಅಂದುಕೊಂಡರೆ, “ತೆರೆಯುತ್ತೆ ಅಂತ ಗೊತ್ತು. ಆದ್ರೂ ದಾಳ ಉರುಳ್ಲಿ ಬಿಡೋ,” ಅಂದ. ಈಗ ದಾಳ ಉರುಳುತ್ತದೆ, ಬೀಗ ಹೇಗೂ ತೆರೆಯುತ್ತದೆ.

ಚೌಕಾಬಾರದಲ್ಲಿ ಒಂದು ಮನೆಯವರು ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಬಿಡುವುದಿಲ್ಲ, ಇನ್ನೊಂದು ಮನೆಯಲ್ಲಿ ಆ ಕಟ್ಟು ಇರುವುದಿಲ್ಲ. ಕವಡೆ ಹಾಕುವ ಮೊದಲೇ ಅದನ್ನು ಮಾತಾಡಿಕೊಳ್ಳುತ್ತಾರೆ. ಡಿ ಅಂಡ್ ಡಿ ಟೇಬಲ್‌ಗಳೂ ಹಾಗೆಯೇ, ಒಂದೊಂದಕ್ಕೆ ಒಂದೊಂದು ಮನೆ ನಿಯಮ. ವಿಡಿಯೋ ಗೇಮ್ ಮಾಡುವವರೂ ತಮ್ಮ ಮನೆಯ ನಿಯಮ ಹಾಕುತ್ತಾರೆ, ಆದರೆ ಆ ಮಾತುಕತೆಗೆ ನಮ್ಮನ್ನು ಕರೆಯುವುದಿಲ್ಲ. 1998ರ ಮೊದಲ ಬಾಲ್ಡರ್ಸ್ ಗೇಟ್ ತನ್ನ ಕಾಲದ ಎರಡನೇ ಆವೃತ್ತಿಯ ಒಂದು ನಿಮಿಷದ ರೌಂಡನ್ನು ಆರು ಸೆಕೆಂಡಿಗೆ ಇಳಿಸಿ, ಎಲ್ಲರನ್ನೂ ಒಟ್ಟಿಗೆ ಓಡಿಸಿ, ಬೇಕಾದಾಗ ನಿಲ್ಲಿಸುವ ಬಟನ್ ಕೊಟ್ಟಿತ್ತು. ಅದಕ್ಕೆ ಹತ್ತು ವರ್ಷ ಮುಂಚಿನ ಪೂಲ್ ಆಫ್ ರೇಡಿಯೆನ್ಸ್ ಸರದಿಯನ್ನು ಬಿಟ್ಟಿರಲಿಲ್ಲ. ಎರಡನ್ನೂ ಜನ ಪ್ರೀತಿಯಿಂದ ನೆನೆಯುತ್ತಾರೆ. 2000ದಲ್ಲಿ ಬಂದ ಮೂರನೇ ಆವೃತ್ತಿಯ ಪುಸ್ತಕದಲ್ಲೇ ರೌಂಡ್ ಆರು ಸೆಕೆಂಡ್ ಆಯಿತು. ಔಷಧಿಯದ್ದೂ ಅಷ್ಟೇ, 2024ರ ಹೊಸ ಪುಸ್ತಕದಲ್ಲಿ ಅದನ್ನು ಕುಡಿಯುವುದು ಬೋನಸ್ ಆಕ್ಷನ್. ನಮ್ಮಲ್ಲಿ ಕ್ಲೆರಿಕ್ (ಪೂಜಾರಿಯ ಪಾತ್ರ) ಆಡುವವನ ದೂರಿನ ಪಟ್ಟಿಯಲ್ಲಿ ಮೊದಲಿದ್ದ ಸಾಲನ್ನು ಅವನೇ ಹೊಡೆದುಹಾಕಬೇಕಾಯಿತು, ಮುಖ ಗಂಟಿಕ್ಕಿಕೊಂಡು.

ಆಟ ಈಗ ಮೊದಲಿಂದ ಕೊನೆಯವರೆಗೆ ಆಡಬಹುದಾದ ಸ್ಥಿತಿಯಲ್ಲಿದೆ. ಸ್ಲಾಟ್, ಕಾನ್ಸಂಟ್ರೇಷನ್, ಸರದಿಯ ಲೆಕ್ಕ, ಬೆಳಕು, ಸಾವಿನ ದಾಳ, ಇವೆಲ್ಲ ಕಡತದಲ್ಲಿ ಇದ್ದ ಹಾಗೇ ಇವೆ. ಬದಲಾದದ್ದೆಲ್ಲ ಡಿಎಂ ಕಡೆ ಕೈ ತೋರಿಸುವ ನಿಯಮಗಳು. 2025ರ ಏಪ್ರಿಲ್‌ನಲ್ಲಿ ಹೊಸ ಪುಸ್ತಕಗಳ ಕಡತ 5.2 ಕೂಡ ಅದೇ ಪರವಾನಗಿಯಲ್ಲಿ ಬಂದಿದೆ. ಅದರಲ್ಲಿ ಅಡಗುವುದಕ್ಕೆ 15ರ ಎದುರು ಸ್ಟೆಲ್ತ್ (ಸದ್ದಿಲ್ಲದೆ ಮರೆಯಾಗುವ) ದಾಳ ಅಂತ ಅಂಕಿ ಕೊಟ್ಟುಬಿಟ್ಟಿದ್ದಾರೆ. ಮೊದಲು ಅಡಗಲು ಜಾಗ ಸರಿಯಿದೆಯೋ ಇಲ್ಲವೋ ಅನ್ನುವುದರಿಂದ ಹಿಡಿದು ಬಹುಪಾಲು ಡಿಎಂ ತೀರ್ಮಾನವಾಗಿತ್ತು. ನನ್ನ ಕೋಡ್‌ಗೆ ಇದು ಹಬ್ಬ, ಬರೆದ ನೂರಾರು ಸಾಲು ಅಳಿಸಬಹುದು. ಟೇಬಲ್‌ನಲ್ಲಿ ಮಾತ್ರ ಹಳೆಯದೇ ಇರಲಿ ಅಂದೆ. ರೋಗ್ ಗೆಳೆಯ ಒಪ್ಪುತ್ತಿಲ್ಲ. ಪರದೆಯಲ್ಲಿ ಹದಿನೈದು ಬಿದ್ದರೆ ಸಾಕು, ಟೇಬಲ್‌ನಲ್ಲಿ ಮಾತ್ರ ನಿನ್ನ ಮೂಡ್ ನೋಡಿಕೊಂಡು ಅಡಗಬೇಕಾ ಅಂತ ಅವನ ವಾದ. ಮುಂದಿನ ಶನಿವಾರ ಕೈ ಎತ್ತಿಸಿ ತೀರ್ಮಾನ ಮಾಡೋಣ ಅಂತ ಬಿಟ್ಟಿದ್ದೇವೆ. ಅವನು ಈಗಾಗಲೇ ಇಬ್ಬರನ್ನು ಒಳಗೆ ಹಾಕಿಕೊಂಡಿದ್ದಾನೆ.